ಬಸರಿ ನುಂಗಿದ ಮೊಳೆ

ಸನ್ನಡತೆಯ ಮೇಲೆ ಬಿಡುಗಡೆ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ಮನೆಯ ಜಗಲಿಯಲ್ಲೇ. ಶಿಕಾರಿಪುರದ ಕಡೆಯಿಂದ ಬೈಕಿನಲ್ಲಿ ಒಬ್ಬರು ಪೊಲೀಸಿನವರು ಬಂದಿದ್ದರು. ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಬಂದ ಕೆಲಸ ಹೇಳಿದರು. ನನ್ನ ಅಣ್ಣನನ್ನು ಕೊಂದವನು ಜೀವಾವಧಿ ಶಿಕ್ಷೆಯಲ್ಲಿ ಬಹಳ ವರ್ಷ ಕಳೆದಿದ್ದಾನೆ, ಒಳಗೆ ಒಳ್ಳೆಯ ರೀತಿ ನಡೆದುಕೊಂಡಿದ್ದಾನೆ, ಮುಂಚಿತವಾಗಿ ಬಿಡಬಹುದೇ ಎಂದು ಮೇಲಿನವರು ವಿಚಾರ ಮಾಡುತ್ತಿದ್ದಾರೆ. ಅದಕ್ಕೆ ಸತ್ತವರ ಮನೆಯವರ ಮಾತನ್ನೂ ಕೇಳಬೇಕಂತೆ.

"ಅವನು ಹೊರಗೆ ಬಂದ್ರೆ ನಿಮ್ದೇನಾರ ತಕರಾರು ಐತೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ಅವ್ವ, "ಇಲ್ರಿ. ಬಿಡ್ಲಿ" ಅಂದುಬಿಟ್ಟಳು.

ಪೊಲೀಸಿನವರಿಗೇ ನಂಬಿಕೆ ಬರಲಿಲ್ಲ. ಮಗ ಸತ್ತ ಮನೆಯಲ್ಲಿ ಬೈಗುಳ ಕೇಳುವುದಕ್ಕೆ ತಯಾರಾಗಿ ಬಂದಿದ್ದರೋ ಏನೋ, ಇನ್ನೊಂದು ಸಲ ಕೇಳಿದರು. ಅವ್ವ ಇನ್ನೊಂದು ಸಲ ಅದನ್ನೇ ಹೇಳಿ ಹೆಬ್ಬೆಟ್ಟು ಒತ್ತಿದಳು. ಅವರು ಹೋಗುವಾಗ ಕೈಮುಗಿದು, "ನೀವು ದೊಡ್ಡವರು ಕಣ್ರಿ ಅಮ್ಮಾ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ನನ್ನ ಬಾಯಿ ಎಂಥದ್ದು ಎಂದು ಊರಿಗೇ ಗೊತ್ತು. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು ನಾನು, ಗಿರಾಕಿಗಳೇ ನನಗೆ ಹೆದರುತ್ತಾರೆ. ಅವತ್ತು ಅವ್ವನ ಮೇಲೆ ಹರಿಹಾಯ್ದೆ. ನಿನಗೆ ಮಗ ಮರೆತುಹೋದನೇನು, ನಿನ್ನ ಕರುಳು ಕಲ್ಲೇನು, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದೆಲ್ಲ ಕೂಗಾಡಿದೆ. ಅವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನನ್ನ ಕೂಗು ಮುಗಿಯುವ ತನಕ ಕಾದು, ತಲೆ ಎತ್ತದೆ ಹೇಳಿದಳು:

"ಜೈಲಿನ ಗೋಡೆ ದಾಟಿ ಹೋಗಾಕೆ ಚೌಡಿಗೆ ಹಕ್ಕಿಲ್ಲ. ಅವ್ಳ ಸರಹದ್ದು ಕೆರೆ ಏರಿಯಿಂದ ಅವನೂರ ಹಳ್ಳದ ತನಕ. ಅವನು ಸರಹದ್ದಿನೊಳಗೆ ಬರ್ಲಿ."

ಕೆರೆ ಏರಿಯ ದೇವತೆ ಚೌಡಿಯ ಹೆಸರು ಕೇಳಿದಾಗ ನನಗೆ ತಿಳಿಯಿತು. ಅವ್ವ ಅವನನ್ನು ಬಿಡಿಸುತ್ತಿರಲಿಲ್ಲ, ಕರೆಸಿಕೊಳ್ಳುತ್ತಿದ್ದಳು.

ನಮ್ಮ ಊರು ಶಿಕಾರಿಪುರ ತಾಲೂಕಿನ ಕೊನೆಯಲ್ಲಿದೆ. ಕೆರೆಯಿಂದ ಆಚೆ ಸೊರಬ. ಅವನದು ಆಚೆ ಊರು, ನಮ್ಮದು ಈಚೆ ಊರು, ಎರಡೂ ಮನೆಯ ಹೊಲ ಒಂದೇ ಕಾಲುವೆಗೆ ತಾಗಿಕೊಂಡಿವೆ. ಅವನು ಅಣ್ಣನ ಗೆಳೆಯನೇ ಆಗಿದ್ದ. ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದನೋ ಲೆಕ್ಕವಿಲ್ಲ. ಅಂಬ್ಲಿಗೊಳ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟಿದ್ದ ಒಂದು ಮಧ್ಯಾಹ್ನ, ಈ ಸರದಿ ನಿನ್ನದೋ ನನ್ನದೋ ಎಂದು ತೂಬಿನ ಹತ್ತಿರ ಮಾತಿಗೆ ಮಾತು ಬೆಳೆದು, ಅವನು ಸಲಿಕೆ ಎತ್ತಿ ಹೊಡೆದ. ಅಣ್ಣ ಕಾಲುವೆಯ ಪಕ್ಕ ಬಿದ್ದುಕೊಂಡಿದ್ದದ್ದನ್ನು ದನ ಕಾಯುವವರು ನೋಡಿ ಬಂದು ಹೇಳಿದರು. ನಾವು ಓಡಿಹೋಗುವಷ್ಟರಲ್ಲಿ ಜೀವ ಹೋಗಿತ್ತು. ಕೋರ್ಟಿನಲ್ಲಿ ಅವನು ತಾನು ಅಲ್ಲಿರಲೇ ಇಲ್ಲ ಅಂದ. ಅವನು ಓಡಿಹೋದದ್ದನ್ನು ಕಂಡ ಸಾಕ್ಷಿಗಳು ಇದ್ದರು, ಶಿಕ್ಷೆ ಆಯಿತು.

ಅವ್ವ ಕೋರ್ಟಿಗೆ ಕಾಯಲಿಲ್ಲ. ಅಣ್ಣನ ದಿನ ಕಳೆದ ಮೇಲೆ ಒಂದು ಮಂಗಳವಾರ ಕೆರೆ ಏರಿಯ ಚೌಡಿಯ ಹತ್ತಿರ ಹೋದಳು. ಅಲ್ಲಿ ಗುಡಿ ಇಲ್ಲ. ಕುಂಕುಮ ಮೆತ್ತಿದ ಒಂದು ಕಲ್ಲು, ಹಿಂದೆ ಒಂದು ಬಸರಿ ಮರ. ಅನ್ಯಾಯವಾದವರು ಆ ಮರಕ್ಕೆ ಕಬ್ಬಿಣದ ಮೊಳೆ ಹೊಡೆದು, ಮಾಡಿದವನ ಹೆಸರು ಹೇಳಿ ದೂರು ಕೊಡುತ್ತಾರೆ. ಹೊಡೆದ ಜಾಗದಲ್ಲಿ ಮರ ಹಾಲು ಸುರಿಸಿದರೆ ಚೌಡಿ ಕೇಳಿಸಿಕೊಂಡಳು ಎಂದು ಲೆಕ್ಕ. ಬಸರಿ ಮರಕ್ಕೆ ಎಲ್ಲಿ ಚುಚ್ಚಿದರೂ ಹಾಲು ಬರುತ್ತದೆ ಎಂದು ನಾನು ಆವತ್ತೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಮ್ಮೆ ಹೊಡೆದ ಮೊಳೆಯನ್ನು ಹೊಡೆದವರೇ ಕೀಳಬೇಕು, ಬೇರೆಯವರು ಮುಟ್ಟುವಂತಿಲ್ಲ. ಕೀಳುವ ತನಕ, ಹೆಸರಿನವನು ಸರಹದ್ದಿನೊಳಗೆ ಬಂದರೆ ರಕ್ತ ಕಾರಿ ಬೀಳುತ್ತಾನೆ ಎನ್ನುತ್ತಾರೆ. ಗುಡವಿ ಪಕ್ಷಿಧಾಮದ ಕಡೆಯಿಂದ ಬರುವ ಬಿಳಿ ಹಕ್ಕಿಗಳು ನಮ್ಮ ಕೆರೆಯ ಎಲ್ಲ ಮರಗಳ ಮೇಲೂ ಕೂರುತ್ತವೆ, ಆ ಬಸರಿಯ ಮೇಲೆ ಮಾತ್ರ ಕೂರುವುದಿಲ್ಲ.

ಅವ್ವನನ್ನು ಕೊಲೆಗಿಂತ ಹೆಚ್ಚು ಕಾಡುತ್ತಿದ್ದದ್ದು ಇನ್ನೊಂದು. ಸಾಯುವವರ ಬಾಯಿಗೆ ನೀರು ಬೀಳಬೇಕು, ಇಲ್ಲದಿದ್ದರೆ ಜೀವ ದಾಹದಿಂದ ಮನೆಯ ಸುತ್ತಲೇ ತಿರುಗುತ್ತದೆ ಎಂದು ಅವಳ ನಂಬಿಕೆ. ತುಂಬಿ ಹರಿಯುವ ಕಾಲುವೆಯ ಪಕ್ಕದಲ್ಲೇ ನನ್ನ ಮಗ ಬಾಯಾರಿ ಸತ್ತ ಎಂದು ಕೊರಗುತ್ತಿದ್ದಳು. ಅದಕ್ಕೇ ದಿನಾ ಮಲಗುವ ಮುಂಚೆ ಅಣ್ಣನ ಹಿತ್ತಾಳೆ ಚೆಂಬಿನ ತುಂಬ ನೀರು ತುಂಬಿ ಹಿತ್ತಲ ಕಿಟಕಿಯಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ಆ ಚೆಂಬು ಕಂಠದ ತನಕ ಇಳಿದಿರುತ್ತಿತ್ತು. ಬೆಕ್ಕು ಕುಡಿದಿರಬೇಕು ಅನ್ನುತ್ತಿದ್ದೆ ನಾನು. ಹಾಗನ್ನುತ್ತಿದ್ದೆನೇ ಹೊರತು, ಒಮ್ಮೆಯೂ ಎದ್ದು ಹೋಗಿ ನೋಡುವ ಧೈರ್ಯ ಮಾಡಲಿಲ್ಲ.

ಅವನಿಗೆ ಬಿಡುಗಡೆ ಆಯಿತು. ಊರಿನವರೆಲ್ಲ ಅವನು ಹೆಂಡತಿಯ ತವರಿಗೆ, ಹಾವೇರಿಯ ಆಚೆ ಹೋಗುತ್ತಾನೆ ಎಂದುಕೊಂಡಿದ್ದರು. ಮೊಳೆಯ ವಿಷಯ ಅವನಿಗೂ ಗೊತ್ತಿತ್ತು, ಜೈಲಿಗೆ ನೋಡಲು ಹೋದ ಹೆಂಡತಿಯೇ ಹೇಳಿದ್ದಳಂತೆ. ಆದರೆ ಅವನು ನೇರವಾಗಿ ಬಂದು ಕೆರೆ ಏರಿಯಲ್ಲಿ ಬಸ್ಸಿಳಿದು, ಮನೆಗೂ ಹೋಗದೆ, ಬಸರಿ ಮರದ ಬುಡದಲ್ಲಿ ಕೂತುಬಿಟ್ಟ.

ಸುದ್ದಿ ಕೇಳಿ ಅವ್ವ ಸೆರಗು ಸುತ್ತಿಕೊಂಡು ಹೊರಟಳು. ನಾನು ಅಂಗಡಿ ತೆರೆಯಲು ಹೋಗದೆ ಅವಳ ಹಿಂದೆ ಹೋದೆ. ಅವಳು ಹೋಗುತ್ತಿದ್ದದ್ದು ಅವನು ರಕ್ತ ಕಾರಿ ಬೀಳುವುದನ್ನು ನೋಡಲು.

ಮಧ್ಯಾಹ್ನ. ಕೆರೆಯಲ್ಲಿ ಒಂದು ಅಲೆ ಇರಲಿಲ್ಲ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಮರಕ್ಕೆ ಬೆನ್ನು ಕೊಟ್ಟು, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಉಜ್ಜುತ್ತ ಕೂತಿದ್ದ. ಸ್ವಲ್ಪ ದೂರದಲ್ಲಿ ಅವನ ಹೆಂಡತಿ ಬುತ್ತಿ ಇಟ್ಟುಕೊಂಡು ನಿಂತಿದ್ದಳು. ನಮ್ಮನ್ನು ಕಂಡು ಮುಖ ತಿರುಗಿಸಿ ಅಳತೊಡಗಿದಳು.

"ಮನೆಗೆ ಯಾಕೆ ಹೋಗ್ಲಿಲ್ಲ?" ಅಂದಳು ಅವ್ವ. ಉಂಡೆಯಾ ಎಂದು ಕೇಳುವ ದನಿಯಲ್ಲೇ ಕೇಳಿದಳು.

"ಮನೆಯಾಗೆ ಮೊಮ್ಮಗು ಐತೆ ಅವ್ವಾ. ಅದ್ರ ಎದ್ರಿಗೆ ಬೀಳಾದು ಬ್ಯಾಡ ಅಂತ. ಬೀಳಾದಾದ್ರೆ ಇಲ್ಲೇ ಬೀಳ್ತೀನಿ, ನೀವು ನೋಡ್ರಿ."

"ಬ್ಯಾರೆ ಕಡೆ ಹೋಗ್ಬಹುದಿತ್ತಲ್ಲ?"

"ಹ್ವಾದ್ರೆ ಅದೂ ಜೈಲೇ. ಇನ್ನು ಮುಚ್ಚಿಟ್ಕಂಡು ಬದುಕಾಕೆ ಆಗಾದಿಲ್ಲ." ಅವನು ಮಣಿಕಟ್ಟು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಬೀಳಾಕೆ ಮುಂಚೆ ಒಂದು ಹೇಳ್ಬೇಕು. ಅವನು ನೀರು ಕೇಳ್ದ. ನಾನು ಕೊಟ್ಟೆ."

ಅವ್ವ ನಿಂತಲ್ಲೇ ಕೂತಳು. ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ವರ್ಷ ಒಳಗೆ ಕೂತು ಕತೆ ಕಟ್ಟಿದ್ದೀಯಾ? ಕೋರ್ಟಿನಲ್ಲಿ ಬಾಯಿಗೆ ಬೀಗ ಹಾಕಿದ್ರೇನು?" ಅಂದೆ.

"ವಕೀಲ್ರು ಬ್ಯಾಡ ಅಂದ್ರು ತಂಗೀ. ನೀರು ಕೊಟ್ಟೆ ಅಂದ್ರೆ ಅಲ್ಲಿದ್ದೆ ಅಂತ ಆಗ್ತೈತೆ ಅಂದ್ರು. ಕಾಲುವೆ ನೀರು ಬೊಗಸೆಯಾಗೆ ಎತ್ತಿ ಬಾಯಿಗೆ ಹಾಕ್ದೆ. ಒಳಗೆ ಹ್ವಾತು."

ಅವ್ವ ಅವನ ಮುಖವನ್ನೇ ನೋಡುತ್ತ, "ಕುಡಿವಾಗ ಅವನು ಏನು ಮಾಡ್ದ?" ಎಂದು ಕೇಳಿದಳು.

"ಇಲ್ಲಿ ಹಿಡ್ಕಂಡ." ಅವನು ಬಲಗೈ ಮುಂದೆ ಚಾಚಿ ಮಣಿಕಟ್ಟು ತೋರಿಸಿದ. "ಗಟ್ಟಿಯಾಗಿ ಹಿಡ್ಕಂಡ. ಜೀವ ಹ್ವಾದ ಮೇಲೂ ಬಿಡ್ಲಿಲ್ಲ. ನಾನೇ ಬೆರಳು ಬಿಡಿಸ್ಕಂಡು ಓಡ್ದೆ. ಅವತ್ತಿಂದ ಈ ಜಾಗ ತಣ್ಣಗೇ ಐತೆ."

ಅಣ್ಣ ಮಗುವಾಗಿದ್ದಾಗಿನಿಂದ ಹಾಗೇ. ನೀರಾಗಲಿ ಹಾಲಾಗಲಿ, ಕುಡಿಸುವವರ ಮಣಿಕಟ್ಟು ಹಿಡಿದುಕೊಳ್ಳದೆ ಕುಡಿಯುತ್ತಿರಲಿಲ್ಲ. ದೊಡ್ಡವನಾದ ಮೇಲೆ ಜ್ವರ ಬಂದು ಮಲಗಿದಾಗಲೂ ಅವ್ವನ ಕೈಯನ್ನು ಹಾಗೆಯೇ ಹಿಡಿಯುತ್ತಿದ್ದ. ಇದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಮುಂದೆ ಬಗ್ಗಿ, ತನ್ನ ಮಗನನ್ನು ಕೊಂದ ಆ ಕೈಯನ್ನು ಮುಟ್ಟಿದಳು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಬಿಸಿಲು ಸುಡುತ್ತಿತ್ತು. ನಾನೂ ಮುಟ್ಟಿ ನೋಡಬಹುದಿತ್ತು, ಮುಟ್ಟಲಿಲ್ಲ.

ಕೊನೆಗೆ ಅವ್ವ ನನಗೆ, "ಹೋಗಿ ಅಣ್ಣನ ಚೀಲ ತಗಂಡು ಬಾ" ಅಂದಳು.

ಅಣ್ಣ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದ. ಅವನ ಸಾಮಾನಿನ ಚೀಲದಲ್ಲಿ ಇಕ್ಕಳ, ಸುತ್ತಿಗೆ, ತುಕ್ಕು ಹಿಡಿದ ಮೊಳೆಗಳು ಇನ್ನೂ ಹಾಗೇ ಇದ್ದವು. ನಾನು ತಂದುಕೊಟ್ಟೆ. ಅವ್ವ ಇಕ್ಕಳ ಹಿಡಿದು ಮರದ ಹಿಂಬದಿಗೆ ಹೋದಳು. ಅಲ್ಲಿ ಯಾರುಯಾರದೋ ಮೊಳೆಗಳಿದ್ದವು. ಅವ್ವ ಕಣ್ಣು ಮುಚ್ಚಿ ತೊಗಟೆ ಸವರುತ್ತ ಒಂದು ಕಡೆ ಕೈ ನಿಲ್ಲಿಸಿದಳು. ಅಲ್ಲಿ ಮೊಳೆ ಇರಲಿಲ್ಲ. ಹೊಕ್ಕುಳಿನ ಹಾಗೆ ಒಂದು ಕುಳಿ ಮಾತ್ರ ಇತ್ತು. ಮರ ಬೆಳೆಯುತ್ತ ಬೆಳೆಯುತ್ತ ಮೊಳೆಯನ್ನು ಪೂರ್ತಿ ಒಳಗೆ ಎಳೆದುಕೊಂಡಿತ್ತು. ಇಕ್ಕಳದಿಂದ ಕೆದಕಿದಳು, ಕಿತ್ತಳು, ಕೈಯೆಲ್ಲ ಹಾಲು ಮೆತ್ತಿಕೊಂಡಿತು. ಕಬ್ಬಿಣ ಸಿಗಲಿಲ್ಲ.

"ಬಿಡ್ರಿ ಅವ್ವಾ. ನೀವು ಕೈ ಹಾಕಿದ್ದೇ ಸಾಕು" ಅಂದ ಅವನು. ಅವನ ಹೆಂಡತಿ ಬುತ್ತಿಯನ್ನು ಎದೆಗೆ ಅವುಚಿಕೊಂಡು ಕಲ್ಲಿನ ಮುಂದೆ ಅಡ್ಡಬಿದ್ದಿದ್ದಳು.

ಅವ್ವ ಇಕ್ಕಳ ಕೆಳಗಿಟ್ಟಳು. ಆಮೇಲೆ ಚೀಲದಿಂದ ಒಂದು ಮೊಳೆ ತೆಗೆದು, ಆ ಕುಳಿಗಿಂತ ಕೆಳಗೆ ಇಟ್ಟು, ಸುತ್ತಿಗೆ ಎತ್ತಿದಳು. ಏನು ಮಾಡುತ್ತಿದ್ದಾಳೆ ಎಂದು ನನಗೆ ಹೊಳೆಯುವಷ್ಟರಲ್ಲಿ ಎರಡು ಪೆಟ್ಟು ಬಿದ್ದಿತ್ತು. ಅವಳು ಹೇಳಿದ ಹೆಸರು ತನ್ನದೇ.

"ತಾಯೀ, ನಾನು ಕೊಟ್ಟ ದೂರು ನನ್ನ ಕೈಲಿ ವಾಪಸ್ ಬರಾಕಿಲ್ಲ ಅಂತದೆ. ಅವನನ್ನ ಮುಟ್ಟೋದಾದ್ರೆ ಮೊದ್ಲು ನನ್ನ ಮುಟ್ಟು. ನಾನಿರೋ ತನಕ ಅವನ ತಂಟೆಗೆ ಹೋಗ್ಬ್ಯಾಡ."

ಹೊಸ ಮೊಳೆಯ ಸುತ್ತ ಹಾಲು ಉಕ್ಕಿ ಇಳಿಯಿತು. ನಾನು ಅವ್ವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಕೆರೆಗೆ ಎಸೆದೆ. ಎಸೆದು ಏನು ಬಂತು? ಬಸರಿಗೆ ಎಲ್ಲಿ ಚುಚ್ಚಿದರೂ ಹಾಲು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ಸಲ ಆ ಮಾತಿನಿಂದ ನನಗೆ ಸಮಾಧಾನ ಆಗಲಿಲ್ಲ.

ಆ ಸಂಜೆ ಅವನು ಹೆಂಡತಿಯ ಹಿಂದೆ ನಡೆದು ಮನೆಗೆ ಹೋದ. ಏನೂ ಆಗಲಿಲ್ಲ. ಈಗ ಹೊಲ ಮಾಡಿಕೊಂಡಿದ್ದಾನೆ. ಅವ್ವ ಅವತ್ತೇ ಚೆಂಬು ಇಡುವುದನ್ನು ನಿಲ್ಲಿಸಿದಳು, ಮಗ ನೀರು ಕುಡಿದೇ ಹೋಗಿದ್ದಾನೆ, ಇನ್ನು ಯಾಕೆ ಅಂದಳು. ಹಾಗಾದರೆ ಇಷ್ಟು ವರ್ಷ ಆ ನೀರು ಕುಡಿದವರು ಯಾರು ಎಂದು ನಾನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅವಳಿಗೆ ಗೊತ್ತಾಗದ ಹಾಗೆ ಒಮ್ಮೆ ನಾನೇ ಚೆಂಬು ತುಂಬಿ ಇಟ್ಟೆ. ಬೆಳಿಗ್ಗೆ ಇಟ್ಟಷ್ಟೇ ನೀರಿತ್ತು. ಬೆಕ್ಕು ಊರು ಬಿಟ್ಟಿರಬೇಕು ಎಂದುಕೊಂಡಿದ್ದೇನೆ.

ನಾನು ಅವನನ್ನು ಕ್ಷಮಿಸಿಲ್ಲ. ಇದನ್ನು ಬರೆಯುವಾಗಲೂ ಕ್ಷಮಿಸಿಲ್ಲ. ಅವನು ಎದುರಿಗೆ ಬಂದರೆ ಮುಖ ತಿರುಗಿಸುತ್ತೇನೆ. ಆದರೆ ಅವನು ದಿನಾ ಬೆಳಿಗ್ಗೆ ಕೆರೆ ದಾಟಿ ಬಂದು ನಮ್ಮ ಬೀದಿಯ ತುದಿಯಲ್ಲಿ, ಹಾಲಿನ ಡೇರಿಯ ಗೋಡೆಗೆ ಒರಗಿ ನಿಲ್ಲುತ್ತಾನೆ. ಅವ್ವ ಎದ್ದು ಬಾಗಿಲು ತೆಗೆದು ಅಂಗಳಕ್ಕೆ ನೀರು ಹಾಕುವುದನ್ನು ನೋಡಿ ವಾಪಸ್ ಹೋಗುತ್ತಾನೆ. ಅವ್ವನಿಗೆ ವಯಸ್ಸಾಗಿದೆ, ಈಚೆಗೆ ಏಳುವುದು ತಡವಾಗುತ್ತಿದೆ. ಮೊನ್ನೆ ಬಿಸಿಲು ಬಂದರೂ ಎದ್ದಿರಲಿಲ್ಲ. ನಾನು ಅವಳ ಕೋಣೆಯ ಬಾಗಿಲಲ್ಲಿ ನಿಂತು, ಹೊದಿಕೆ ಏರಿಳಿಯುತ್ತದೆಯೇ ಎಂದು ನೋಡುತ್ತಿದ್ದೆ. ಕಿಟಕಿಯಿಂದ ಅವನೂ ಕಾಣುತ್ತಿದ್ದ, ಮಣಿಕಟ್ಟು ಹಿಡಿದುಕೊಂಡು ನಮ್ಮ ಬಾಗಿಲನ್ನೇ ನೋಡುತ್ತಿದ್ದ. ಅವ್ವ ಕೆಮ್ಮಿ ಮಗ್ಗುಲು ಬದಲಿಸಿದಳು. ನಾನು ಬೀದಿ ಬಾಗಿಲು ತೆಗೆದು ಹೊರಗೆ ಬಂದು, ಇದ್ದಾಳೆ ಎನ್ನುವ ಹಾಗೆ ಅವನ ಕಡೆ ತಲೆಯಾಡಿಸಿದೆ.