ಅಮಾವಾಸ್ಯೆಯ ಎಣ್ಣೆ

ಅಣ್ಣಾರಾಯ ಕಾಕಾನ ಬಲಗೈ ಸುಮ್ಮನಿರುತ್ತಿರಲಿಲ್ಲ. ಯಾವ ಎಣ್ಣೆ ಕಂಡರೂ ಒಂದು ಹನಿ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡುತ್ತಿದ್ದ. "ಇದು ತೆಲಿಗಿ ಹಚ್ಚೂದದ, ಇಂಜಿನ್ನಿಗಲ್ಲ" ಎಂದು ಅವನ ಹೆಂಡತಿ ಮಲ್ಕಮ್ಮ ಚಿಗವ್ವ ಬೈಯುತ್ತಿದ್ದಳು.

ಅದನ್ನು ಕಲಿಸಿದವನು ಸೊಲ್ಲಾಪುರದ ಮೇಸ್ತ್ರಿ ಖಾಜಾ. ಕಾಕಾ ಅವನ ಕೈಕೆಳಗೆ ಆರು ವರ್ಷ ದುಡಿದು ಮೋಟಾರು ಓಡಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿತ. "ಸಾವಿರ ಮೈಲಿಗೊಮ್ಮೆ ಎಣ್ಣಿ ಇಳಿಸಬೇಕು. ಬೆರಳಿಗೆ ಉಸುಕು ಹತ್ತಿದಂಗ ಆತಂದ್ರ ಒಂದು ದಿನಾನೂ ತಡೀಬ್ಯಾಡ" ಎಂದು ಖಾಜಾ ಹೇಳಿ ಕಳಿಸಿದ್ದ.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಕಾಕಾ ಅಫಜಲಪುರಕ್ಕೆ ವಾಪಸು ಬಂದು ಖಂಡಪ್ಪ ಸಾಹುಕಾರರ ಮೋಟಾರಿಗೆ ಡ್ರೈವರ್ ಆದ. ಮಂದಿಯನ್ನು ಹತ್ತಿಸಿಕೊಂಡು ದಿನಾ ಕಲಬುರ್ಗಿಗೆ ಹೋಗಿ ಬರುವ ಸರ್ವೀಸು ಅದು. ಬೇರೆ ಡ್ರೈವರುಗಳೆಲ್ಲ ಯುದ್ಧಕ್ಕೆ ಭರ್ತಿಯಾಗಿದ್ದರು, ಇಲ್ಲದಿದ್ದರೆ ನಮ್ಮವನನ್ನು ಯಾರು ಕರೆಯುತ್ತಿದ್ದರು? ನಾವು ಊರ ಹೊರಗಿನ ಕೇರಿಯವರು. ನಮ್ಮ ನೆರಳು ಬಿದ್ದರೆ ಕೊಡದ ನೀರು ಚೆಲ್ಲುವ ಮಂದಿಯೇ ಅವನ ಬೆನ್ನ ಹಿಂದೆ ಕುಳಿತು, "ಡ್ರೈವರ್ ಸಾಬ್, ಚೌಡಾಪುರದಾಗ ಜರಾ ನಿಲ್ಲಸ್ರಿ" ಎನ್ನುತ್ತಿದ್ದರು. ಆ ಹೆಸರಿಗಾಗಿ ಕಾಕಾ ಜೀವ ಕೊಡಲೂ ತಯಾರಿದ್ದ. ಮೋಟಾರು ಇರುವ ತನಕ ಹೆಸರು, ಮೋಟಾರು ಹೋದರೆ ಮತ್ತೆ ಯಾರದೋ ಹೊಲದಲ್ಲಿ ಕೂಲಿ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹದಿನೈದು ದಿನಕ್ಕೆ ಸಾವಿರ ಮೈಲಿ ದಾಟುತ್ತಿತ್ತು. ಹಾಗಾಗಿ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಎಣ್ಣೆ ಬದಲಿಸಬೇಕೆಂದು ಕಾಕಾ ಲೆಕ್ಕ ಹಾಕಿದ. ಸಾಹುಕಾರರು ಒಪ್ಪಲಿಲ್ಲ. ಅಮಾವಾಸ್ಯೆಗೆ ಹೇಗೂ ಮೋಟಾರು ಓಡುವುದಿಲ್ಲ, ಪೂಜೆ ಮಾಡಿ ಕಾಯಿ ಒಡೆದು ನಿಲ್ಲಿಸುತ್ತಾರೆ. ಆದರೆ ಹುಣ್ಣಿಮೆಗೆ ದತ್ತನ ದರ್ಶನಕ್ಕೆಂದು ಗಾಣಗಾಪುರಕ್ಕೆ ಹೋಗುವವರು ಟಾಪಿನ ಮೇಲೂ ಹತ್ತಿ ಕೂರುತ್ತಾರೆ. ಅಂಥ ದಿನ ಯಾರು ಗಾಡಿ ನಿಲ್ಲಿಸುತ್ತಾರೆ? ಅಮಾವಾಸ್ಯೆಗೊಮ್ಮೆ ಸಾಕು ಎಂದುಬಿಟ್ಟರು. ಯುದ್ಧ ಜೋರಾಗಿ ಪರ್ಮಿಟ್ ಇಲ್ಲದೆ ಎಣ್ಣೆ ಡಬ್ಬಿ ಸಿಗದಾದಾಗ ಅದು ಎರಡು ಅಮಾವಾಸ್ಯೆಗೊಮ್ಮೆ ಆಯಿತು. ಆಮೇಲೆ ಡಬ್ಬಿಯೇ ಬರಲಿಲ್ಲ.

ಖಂಡಪ್ಪ ಸಾಹುಕಾರರಿಗೆ ಅಪ್ಪನ ಕಾಲದಿಂದ ಎರಡು ಗಾಣ. ಎಣ್ಣೆಯ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳುವವರು ಅಫಜಲಪುರದಲ್ಲಿ ಹುಟ್ಟಿರಲಿಲ್ಲ, ಕನಿಷ್ಠ ಅವರ ಲೆಕ್ಕದಲ್ಲಿ. ಇಂಜಿನ್ನಿನ ಕರಿ ಎಣ್ಣೆ ಇಳಿಸಿ, ಕುಸುಬಿ ಎಣ್ಣೆ ತಿಳಿಗೊಳಿಸುವ ಹಾಗೆ ಗಡಿಗೆಯಲ್ಲಿಟ್ಟು, ಅರಿವೆಯಲ್ಲಿ ಸೋಸಿಸಿದರು. ಸಾಲದ್ದಕ್ಕೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಬೆರೆಸಿದರು. ಇದೆಲ್ಲ ನಡೆದದ್ದು ಗಾಣದ ಅಂಗಳದಲ್ಲಿ. ಕಾಕಾನಿಗೆ ಅಲ್ಲಿಗೆ ಪ್ರವೇಶವಿಲ್ಲ. ಹೊಸ್ತಿಲಾಚೆ ನಿಂತೇ ಅಂಗಲಾಚಿದ.

"ಬ್ಯಾಡ್ರಿ ಸಾಹುಕಾರ್ರ. ಎರಡೂ ಕೂಡೂದಿಲ್ರಿ. ಕಾದ್ರ ಅಂಟಾಗ್ತದ್ರಿ."

"ಬಂಡಿ ಗಾಲಿಗೆ ಇದನ್ನ ಹಚ್ಚತೀವಿಲ್ಲೋ? ನಿಮ್ಮಪ್ಪ ಎಂದಾರ ಗಾಣ ನೋಡ್ಯಾನೇನಲೇ? ಸುಮ್ನ ಹಾಕು."

ಹಾಕಿದ. ಮತ್ತೇನು ಮಾಡಬೇಕಿತ್ತು? ನನಗೆ ಈಗಲೂ ಸಿಟ್ಟು ಬರುವುದು ಇದರ ನಂತರ ಆದದ್ದಕ್ಕೆ. ನಾಲ್ಕು ದಿನ ಮೋಟಾರು ಮೊದಲಿಗಿಂತ ಚೆಂದ ಓಡಿತು! ಸಾಹುಕಾರರು ಬಜಾರದಲ್ಲಿ ಮೀಸೆ ತಿರುವಿದರು. ಖಾಜಾನ ಮಾತೇ ಸುಳ್ಳಿರಬಹುದೇ ಎಂದು ಕಾಕಾನಿಗೂ ಅನ್ನಿಸಿತಂತೆ.

ಹುಣ್ಣಿಮೆಯ ಬೆಳಗ್ಗೆ ಇಂಜಿನ್ನಿನೊಳಗೆ ಟಕ್ ಟಕ್ ಸದ್ದು ಶುರುವಾಯಿತು. ಕಾಕಾ ಓಡಿಹೋಗಿ ಸಾಹುಕಾರರಿಗೆ ಹೇಳಿದ. "ಇವತ್ತೊಂದಿನ ಬಿಟ್ಟುಬಿಡ್ರಿ. ಓಡ್ಸಿದ್ರ ಇಂಜಿನ್ ಹೋಗ್ತದ್ರಿ."

"ನೀ ಓಡಸಂಗಿಲ್ಲಂದ್ರ ಹೇಳು, ಮತ್ತೊಬ್ಬವನ್ನ ಕರೀತೇನಿ."

ಓಡಿಸದಿದ್ದರೆ ಕೆಲಸ ಹೋಗುತ್ತದೆ, ಓಡಿಸಿದರೆ ಇಂಜಿನ್ ಹೋಗಿ ಅದರ ಜೊತೆ ಕೆಲಸವೂ ಹೋಗುತ್ತದೆ. ಕಾಕಾ ಸ್ಟೇರಿಂಗ್ ಹಿಡಿದು ಕುಳಿತ. ಹಿಂದಿನಿಂದ ಯಾರೋ, "ನಡೀರಿ ಡ್ರೈವರ್ ಸಾಬ್, ಹೊತ್ತಾತು" ಎಂದರು. ಅದೇ ಕೊನೆಯ ಸಲ.

ಚೌಡಾಪುರ ಇನ್ನೂ ಎರಡು ಮೈಲಿ ಇರುವಾಗ ಹೊಗೆ ಎದ್ದು ಗಾಡಿ ನಿಂತಿತು. ಇಂಜಿನ್ ಮತ್ತೆ ಹೊರಳಲಿಲ್ಲ. ಸುದ್ದಿ ತಿಳಿದು ಸಾಹುಕಾರರು ಟಾಂಗಾದಲ್ಲಿ ಬರುವಷ್ಟರಲ್ಲಿ ಮಂದಿ ಬಿಸಿಲಿಗೆ ಕಾದು ಸಿಟ್ಟಾಗಿದ್ದರು.

"ಇಂಥವರ ಕೈಯಾಗ ಮೋಟಾರು ಕೊಟ್ಟಿದ್ದು ನಂದೇ ತಪ್ಪು ನೋಡ್ರಿ" ಎಂದರು ಸಾಹುಕಾರರು. ಮಂದಿ ಹೌದು ಹೌದು ಎಂದರು.

ಕಾಕಾ ಗಾಡಿಯ ಕೆಳಗೆ ನುಸುಳಿ, ಒಂದಿಷ್ಟು ಎಣ್ಣೆ ಅಂಗೈಗೆ ಇಳಿಸಿಕೊಂಡು ಬಂದ. ಅದು ಎಣ್ಣೆಯಾಗಿ ಉಳಿದಿರಲಿಲ್ಲ, ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು. ಕೈ ಸುಡುತ್ತಿದ್ದರೂ ಒಬ್ಬೊಬ್ಬರ ಮುಂದೆ ಚಾಚಿದ.

"ಒಂದ್ಸಲ ಬೆರಳಿಲೆ ತಿಕ್ಕಿ ನೋಡ್ರಿ. ನಾ ಸುಳ್ಳ ಹೇಳಂಗಿಲ್ರಿ. ಮುಟ್ಟಿದ್ರ ನಿಮಗೇ ತಿಳೀತದ್ರಿ."

ಯಾರೂ ಮುಟ್ಟಲಿಲ್ಲ. ಅವನ ಅಂಗೈಯೊಳಗಿನದನ್ನು ಅವರು ಹೇಗೆ ಮುಟ್ಟುತ್ತಾರೆ? ಅವನು ಮುಂದೆ ಬಂದಷ್ಟೂ ಅವರು ಸೆರಗು, ಧೋತರ ಸಾವರಿಸಿಕೊಂಡು ಹಿಂದೆ ಸರಿದರು. ಸಾಹುಕಾರರೂ ಸರಿದರು.

ಅಂದಿನಿಂದ ಕಾಕಾ ಕೂಲಿಗೆ ಹೋದ. ಮೂರು ವರ್ಷದ ಮೇಲೆ ಹತ್ತಿ ಬಿಡಿಸುವ ಕೆಲಸಕ್ಕೆ ಜೇವರ್ಗಿ ಕಡೆ ಹೋಗುವಾಗ ಗಂಡಹೆಂಡಿರು ಬೇರೆಯವರ ಮೋಟಾರಿನಲ್ಲಿ ಹಿಂದುಗಡೆ ಮುದುಡಿ ಕುಳಿತಿದ್ದರು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ, ಇಂಜಿನ್ನಿನ ಸದ್ದು ಕೇಳುತ್ತ, ಕಾಕಾನ ಬೆರಳುಗಳು ತಿಕ್ಕಾಡತೊಡಗಿದವು.

"ಎಣ್ಣಿ ಸತ್ತದ. ಬದಲಿ ಮಾಡಬೇಕಾಗಿತ್ತು" ಎಂದು ಪಿಸುಗುಟ್ಟಿದ.

"ಡ್ರೈವರಗ ಹೇಳ್ರಿ ಮತ್ತ. ನೀವೂ ಡ್ರೈವರ್ ಇದ್ರಿ ಅಂತ ನಾನ ಹೇಳ್ತೇನಿ" ಎಂದು ಚಿಗವ್ವ ಏಳಹೋದಳು.

ಕಾಕಾ ಅವಳ ಕೈ ಹಿಡಿದು ಕೂರಿಸಿದ.

"ಸುಮ್ನಿರು ಬೇ. ನಾವು ಯಾರಂತ ಗೊತ್ತಾದ್ರ ಇಳಿಸಿಬಿಡ್ತಾರ."