ಹಲಗೆಯ ಮೇಲಿಟ್ಟ ಸಬ್‌ವೂಫರ್

ಮೊಮ್ಮಗಳ ಎಡಗಿವಿ ಹೋದ ವರ್ಷದ ಜ್ವರದಲ್ಲಿ ಹೋಯಿತು. ಬಲಗಿವಿಯನ್ನಾದರೂ ಉಳಿಸಿಕೊಳ್ಳಲಿ, ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುವುದು ಬೇಡ ಎಂದು ಚಾಮರಾಜನಗರದ ಡಾಕ್ಟರು ಹೇಳಿದರು. ಅವಳಿಗೋ ಡ್ರಮ್ಮು, ಗಿಟಾರು, ಅರಚಾಟ ಇರುವ ಹಾಡೇ ಆಗಬೇಕು. ಸದ್ದು ಕಮ್ಮಿ ಇಟ್ಟರೂ ಡ್ರಮ್ಮಿನ ಏಟು ಮೈಗೆ ತಿಳಿಯುವಂಥ ಸಬ್‌ವೂಫರ್ ಡಬ್ಬ ತರೋಣವೆಂದು ಇಬ್ಬರೂ ಗುಂಡ್ಲುಪೇಟೆಗೆ ಹೋದೆವು. ನನ್ನ ಮಾತು ಕೇಳಲೆಂದು ಬಸ್ಸಿನಲ್ಲಿ ಅವಳ ಬಲಕ್ಕೇ ಕೂತೆ.

ಅಂಗಡಿಯವನು ನೀಲಿ ದೀಪ ಮಿನುಗುವ ದೊಡ್ಡ ಡಬ್ಬದಲ್ಲಿ ಅವಳ ಹಾಡು ಹಾಕಿದ. ನಾನು ಅದರ ಮೇಲೆ ಅಂಗೈ ಇಟ್ಟೆ.

“ಅದೇನ್ ಹಸುನಾ ಅಜ್ಜಿ, ತಡವಿ ನೋಡಕೆ?” ಎಂದು ಅವನು ನಕ್ಕ.

“ಹಸು ಆಗಿದ್ರೆ ಹಲ್ಲ ನೋಡ್ತಿದ್ದೆ. ಇನ್ನೊಸಿ ಜೋರಾಗಿ ಹಾಕಪ್ಪ.”

ಜೋರು ಮಾಡಿದರೆ ಒಡಕು ಮಡಕೆಯ ಸದ್ದು. ಹುರುಳಿ ಬಡಿದ ಕೈ ನನ್ನದು. ಕಣದಲ್ಲಿ ನಾಲ್ಕು ಜನ ಬಡಿದರೂ ಯಾರ ಕೋಲಿನ ಏಟು ಯಾವುದೆಂದು ಗೊತ್ತಾಗುತ್ತದೆ. ಇದರಲ್ಲಿ ಎಲ್ಲ ಏಟೂ ಕಲಸಿಹೋಗಿತ್ತು. ಮೂಲೆಯಲ್ಲಿದ್ದ ಕರಿ ಡಬ್ಬ ಹಾಕಿಸಿದೆ. ದೀಪವಿಲ್ಲ, ಆ ಡಬ್ಬಕ್ಕಿದ್ದಂತೆ ಗಾಳಿ ಉಗುಳುವ ತೂತಿಲ್ಲ, ಒಳ್ಳೇ ಭಾರ. ಏಟು ಬಿದ್ದಲ್ಲೇ ನಿಂತಿತು. ಅದನ್ನೇ ತಂದೆವು.

ಹೊಸ ಸಾಮಾನನ್ನು ಕಾಲ ಬಳಿ ಇಡುವುದು ನಮ್ಮ ಮನೆಯಲ್ಲಿಲ್ಲ. ವಿಭೂತಿ ಹಚ್ಚಿ, ಹಿತ್ತಾಳೆ ಪಾತ್ರೆ ಜೋಡಿಸಿರುವ ಗೋಡೆಹಲಗೆಯ ಮೇಲೆ ಇಡಿಸಿದೆ. ಹಾಡು ಹಾಕಿದ ಕೂಡಲೇ ಗರಗರ.

“ಒಡಕಲು ಡಬ್ಬ ತಂದ್ಬುಟ್ಯಲ್ಲಜ್ಜಿ!”

ಗರಗರ ಮುಚ್ಚಲಿ ಎಂದು ಅವಳು ಸದ್ದು ಏರಿಸಿದಳು. ಮೂರು ದಿನ ಹಾಗೇ ನಡೆಯಿತು. ನಾನು ಅಂಗಡಿಯವನನ್ನು ಬೈದುಕೊಂಡು ಓಡಾಡಿದೆನೇ ಹೊರತು ಸದ್ದು ಏರಿಸುವ ಅವಳ ಕೈ ತಡೆಯಲಿಲ್ಲ. ನಾಲ್ಕನೇ ದಿನ ಚೊಂಬು ತೆಗೆಯಲು ಹೋದರೆ ಅದು ಕೈಯಲ್ಲೇ ನಡುಗಿತು. ಗರಗರ ಎನ್ನುತ್ತಿದ್ದುದು ಪಾತ್ರೆ. ಡಬ್ಬ ಸರಿಯಾಗಿಯೇ ಇತ್ತು, ತಪ್ಪಾಗಿದ್ದುದು ನಾನು ಇಡಿಸಿದ ಜಾಗ.

ಇಬ್ಬರೂ ಹಿಡಿದು ಅದನ್ನು ನೆಲಕ್ಕಿಳಿಸಿದೆವು. ಗರಗರ ನಿಂತಿತು. ಏಟುಗಳು ಬಿಡಿಬಿಡಿಯಾಗಿ ನನ್ನ ಪಾದಕ್ಕೆ ತಾಗಿದವು.

“ಸೌಂಡ್ ಯಾಕಜ್ಜಿ ಇಳಿಸ್ದೆ?” ಎಂದಳು.

ನಾನು ಗುಂಡಿ ಮುಟ್ಟಿರಲಿಲ್ಲ. ಹಾಡು ನಿಲ್ಲಿಸಿ, ಅವಳ ಬಲಗಡೆ ಹಿಂದಕ್ಕೆ ನಿಂತು, “ಕಾಫಿ ಕುಡ್ತೀಯಾ ಅಮ್ಮಿ?” ಎಂದೆ. ತಿರುಗಲಿಲ್ಲ. ಇನ್ನೊಂದು ಸಲ ಕೇಳಿದೆ. ಗೋಡೆ ನೋಡುತ್ತ ಕೂತೇ ಇದ್ದಳು.

ತೋಳು ಹಿಡಿದು ಎಬ್ಬಿಸಿ, “ಚಪ್ಲಿ ಮೆಟ್ಕೊ, ಡಾಕ್ಟ್ರ ತಾವ್ಕೆ ಓಗನ!” ಎಂದು ಕೂಗಿದೆ.

ಬಸ್ಸಿನಲ್ಲಿ ಅವಳ ಯಾವ ಕಡೆ ಕೂರಬೇಕೋ ನನಗೆ ತಿಳಿಯಲಿಲ್ಲ.