ಯಾರೂ ಹಾಡದ ಪ್ಲೇಟು

ನಮ್ಮ ಹಾರ್ಮೋನಿಯಂ ಮೇಷ್ಟ್ರು ಬಾರಿಸದೆ ಬಿಟ್ಟ ಸಂಗೀತ ಭೂಮಂಡಲದಲ್ಲೇ ಇಲ್ಲವೆಂದು ಶಿವಮೊಗ್ಗದಲ್ಲಿ ಪ್ರತೀತಿ ಇತ್ತು. ನಾಟಕದ ಕಂಪನಿ ಬೀಡು ಬಿಟ್ಟರೆ ಕಾಲಲ್ಲಿ ತುಳಿದು ನುಡಿಸುವ ಲೆಗ್ ಹಾರ್ಮೋನಿಯಮ್ಮಿನ ಮುಂದೆ ಅವರೇ. ಮೂಕಿ ಚಿತ್ರದ ಟೆಂಟಿನಲ್ಲಿ ಕುದುರೆ ಓಡಿದರೆ ಅವರ ಬೆರಳೂ ಓಡುತ್ತಿತ್ತು, ನಾಯಕಿ ಅತ್ತರೆ ಪೆಟ್ಟಿಗೆಯೂ ಅಳುತ್ತಿತ್ತು. ಹರಿಕಥೆಗೂ ಅವರೇ, ಮದುವೆಯ ಆರತಿಗೂ ಅವರೇ. ಭದ್ರಾವತಿಯಲ್ಲಿ ಅಧಿಕಾರಿಗಳ ಕ್ಲಬ್ಬಿನಲ್ಲಿ ಒಂದು ಪಿಯಾನೊ ಇತ್ತು. ಅದರೊಳಗೆ ಗೆದ್ದಲು ಸಂಸಾರ ಹೂಡಿದ್ದರಿಂದ ಕೆಲವು ಸ್ವರದ ಮನೆಗಳು ಒತ್ತಿದರೂ ಮಾತಾಡುತ್ತಿರಲಿಲ್ಲ. ದೊರೆಸಾನಿಯರ ಕುಣಿತವಿದ್ದ ದಿನ ಮೇಷ್ಟ್ರು ಆ ಮೂಕ ಮನೆಗಳನ್ನು, ಮಡಿಯಲ್ಲಿರುವ ಪುರೋಹಿತರು ಕೊಚ್ಚೆ ದಾಟುವಂತೆ, ಬೆರಳೆತ್ತಿ ದಾಟಿಕೊಂಡು ಇಂಗ್ಲಿಷ್ ಮಟ್ಟು ಬಾರಿಸಿ ಬರುತ್ತಿದ್ದರು.

ಇಷ್ಟಾದರೂ ಎಲ್ಲೆಡೆಯೂ ಅವರದು ಪಕ್ಕವಾದ್ಯ. ಹಾಡುವವರ ಪಕ್ಕ, ಕುಣಿಯುವವರ ಪಕ್ಕ, ಕಡೆಗೆ ಪರದೆಯ ಪಕ್ಕ. ಹೀಗೆ ಪಕ್ಕದಲ್ಲೇ ಕೂತು ಅರವತ್ತು ದಾಟಿದರು. ಟಾಕಿ ಬಂದು ಪರದೆಯೇ ಹಾಡತೊಡಗಿದಾಗ ಟೆಂಟಿನವರು ಅವರಿಗೆ ಹಾರ ಹಾಕಿ, ಭಾಷಣ ಮಾಡಿ, ಮನೆಗೆ ಕಳಿಸಿದರು. ಬೆರಳ ಗಂಟುಗಳು ಊದಲು ಹಿಡಿದಿದ್ದವು. ಇನ್ನು ಎಷ್ಟು ಕಾಲ ಬಾರಿಸಿಯಾರು ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಈ ವಿಷಯದಲ್ಲಿ ಎರಡೂ ಪಕ್ಷದವರು ಗಂಭೀರ ಮೌನ ಪಾಲಿಸುತ್ತಿದ್ದೆವು.

ನಾವೆಂದರೆ ನಾನು ಮತ್ತು ತಬಲದವನು. ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಪಿಟೀಲು ಬಾರಿಸುತ್ತೇನೆಂಬ ಭ್ರಮೆ ನನಗೆ ಇತ್ತು, ಅದನ್ನು ಬಿಡಿಸುವ ಧೈರ್ಯ ಬೇರೆಯವರಿಗೆ ಇರಲಿಲ್ಲ. ತಬಲದವನು ಅದೇ ಕಾರ್ಖಾನೆಯ ಕುಲುಮೆಯಲ್ಲಿದ್ದ ತಮಿಳಿನವನು. ಕಬ್ಬಿಣದ ಸದ್ದಿಗೆ ಕಿವಿ ಮಂದವಾಗಿದ್ದರಿಂದ ತಬಲವನ್ನೂ ಕಬ್ಬಿಣವೆಂದೇ ಭಾವಿಸಿ ಬಡಿಯುತ್ತಿದ್ದ. ಭಾನುವಾರ ಇಬ್ಬರೂ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ ಮೇಷ್ಟ್ರ ಹಿಂದೆ ಬಾರಿಸುತ್ತಿದ್ದೆವು.

ಯುದ್ಧ ಶುರುವಾದ ಮೇಲಿನ ಮಾತು. ಗ್ರಾಮಫೋನ್ ಕಂಪನಿಯೊಂದರ ಏಜೆಂಟರು ಯಂತ್ರ ಸಮೇತ ಶಿವಮೊಗ್ಗಕ್ಕೆ ಬಂದು, ಒಂದು ಬಂಗಲೆ ಹಿಡಿದು, ಸದ್ದು ಹೊರಳಾಡದಿರಲೆಂದು ಗೋಡೆಗೆಲ್ಲ ಕಂಬಳಿ ಹೊದಿಸಿದರು. ಒಬ್ಬ ಹೆಸರಾದ ನಾಟಕದ ನಟರು ಹಾಡಬೇಕು, ನಾವು ಮೂವರು ಪಕ್ಕವಾದ್ಯ. ಹಾಡು ಊರಿನ ಮಕ್ಕಳಿಗೂ ಬಾಯಿಪಾಠವಾಗಿದ್ದ ರಂಗಗೀತೆ. ಹಾಡು ಮುದ್ರಿಸುವ ದಿನ ಬೆಳಿಗ್ಗೆ ನಟರ ಗಂಟಲು ಕಟ್ಟಿತು. ಏಜೆಂಟರು ಯಂತ್ರ ಕಟ್ಟಿಡಲು ಹೊರಟರು.

ಆಗ ಮೇಷ್ಟ್ರು ನನ್ನನ್ನು ಹಜಾರದ ಮೂಲೆಗೆ ಎಳೆದುಕೊಂಡು ಹೋಗಿ, ಸಾಲದ ಮಾತಾಡುವವರಂತೆ ಮೆಲ್ಲಗೆ ಹೇಳಿದರು: “ಇಷ್ಟು ವರ್ಷ ಎಲ್ಲರ ಹಿಂದೆ ಬಾರಿಸ್ದೆ ಮಾರಾಯ. ಒಂದ್ಸಲ ನಾನೇ ಮುಂದಿರೋದನ್ನ ಕೇಳ್ಬೇಕು. ಆಮೇಲೆ ಬೆರಳು ಹೋದ್ರೂ ಹೋಗ್ಲಿ.”

ನಾನು ಏಜೆಂಟರನ್ನು ಬೇಡಿಕೊಂಡೆ. ದನಿ ಕೊರೆದುಕೊಳ್ಳುವ ಮೇಣದ ತಟ್ಟೆ ಹೇಗೂ ಸಿದ್ಧವಾಗಿತ್ತು. ವಾದ್ಯಗಳೇ ಆ ಹಾಡನ್ನು ನುಡಿಸಲಿ ಎಂದು ಒಪ್ಪಿದರು. ಯುದ್ಧಕಾಲ, ಇನ್ನೊಂದು ತಟ್ಟೆ ಕೊಡಲಾಗದು, ತಪ್ಪಿದರೆ ತಪ್ಪಿದ್ದೇ ಎಂದರು. ನಡುವೆ ಯಾರೂ “ಭಲೆ” ಅನ್ನಬಾರದೆಂದೂ ಅಪ್ಪಣೆಯಾಯಿತು.

ಕೆಂಪು ದೀಪ ಹತ್ತಿತು. ಮೇಷ್ಟ್ರು ಆರಂಭದ ಮಟ್ಟನ್ನು ಎಂಥ ಕಳೆಯಿಂದ ಬಾರಿಸಿದರೆಂದರೆ ನನಗೆ ಮೈ ಜುಮ್ಮೆಂದಿತು. ಪಲ್ಲವಿ ಬಂದಿತು. ಮೇಷ್ಟ್ರು ಥಟ್ಟನೆ ದನಿ ತಗ್ಗಿಸಿ, ಷಡ್ಜವೊಂದನ್ನೇ ಒತ್ತಿಕೊಂಡು ಕೂತರು. ಹಾಡುವವರು ಎತ್ತಿಕೊಂಡರೆ ತಾವು ತಗ್ಗುವುದು, ಅವರು ಉಸಿರು ತೆಗೆದುಕೊಂಡರೆ ತಾವು ತುಂಬುವುದು ಅವರ ಕೈಗೆ ರೂಢಿಯಾದ ಧರ್ಮ. ಮೇಷ್ಟ್ರು ತಗ್ಗಿದರೆಂದು ನಾನು ತಗ್ಗಿದೆ. ನಾನು ತಗ್ಗಿದ್ದು ಕಂಡು ತಬಲದವನೂ, ಜನ್ಮದಲ್ಲಿ ಮೊದಲ ಬಾರಿಗೆ, ಮೆತ್ತಗೆ ಬಡಿದ. ಬಾಗಿಲಲ್ಲಿ ನಿಂತು “ನೀವು ಮುಂದೆ”, “ಛೆ ಛೆ, ನೀವು ಮುಂದೆ” ಎನ್ನುವ ಬೀಗರ ಹಾಗೆ ಮೂವರೂ ನಿಂತೆವು. ಸಾಲು ಮುಗಿಯುವ ಹೊತ್ತಿಗೆ ಮೇಷ್ಟ್ರ ಬೆರಳು ಮಿಂಚಿನಂತೆ ಎದ್ದು ಇಲ್ಲದ ಗಾಯಕನ ಉಸಿರನ್ನು ತುಂಬಿತು. ಮುಂದಿನ ಸಾಲಿಗೆ ಮತ್ತೆ ತಗ್ಗಿತು. ದೀಪ ಆರುವವರೆಗೂ ಹೀಗೇ.

ಏಜೆಂಟರು ಕೇಳಿದರು: “ಎಲ್ಲಾ ಸರಿ ಮೇಷ್ಟ್ರೇ, ಹಾಡೆಲ್ಲಿ?”

“ಎತ್ಕೊಳ್ಲಿ ಅಂತ ಕಾಯ್ತಿದ್ದೆ,” ಎಂದರು ಮೇಷ್ಟ್ರು. ಏಜೆಂಟರು ತಟ್ಟೆಯನ್ನು ಪೆಟ್ಟಿಗೆಗೆ ಹಾಕಿ ಯಂತ್ರ ಕಟ್ಟತೊಡಗಿದರು.

ರೈಲಿನಲ್ಲಿ ತಬಲದವನು ತನ್ನ ತಮಿಳು ಬೆರೆಸಿ ಮೇಷ್ಟ್ರನ್ನು ಹೊಗಳುತ್ತ, “ವಾತ್ಯಾರು ನಲ್ಲಾ ಬಾರ್ಸಿದ್ರು ಸಾರ್, ನಾವೇ ಯಾರಾದ್ರೂ ಹಾಡ್ಬೇಕಿತ್ತು,” ಎಂದ. ಹಾಡುವವರಿಗೆ ಕಾಯುವ ಅದೇ ರೋಗ ಅವನಿಗೂ ಇತ್ತು, ನನಗೂ ಇತ್ತು.

ಆ ಪ್ಲೇಟು ಹೊರಗೆ ಬಾರದೆಂದು ನಾನು ಸಮಾಧಾನದಿಂದಿದ್ದೆ. ಬಂದೇಬಿಟ್ಟಿತು. ಹಾಡುಗಾರ ಇಲ್ಲದಿರುವುದೇ ಅದರ ಗುಣವೆಂದು ಕಂಡುಕೊಂಡ ಕಂಪನಿ, ಮನೆಯಲ್ಲಿ ಹಾಡಿಕೊಳ್ಳುವವರ ಅನುಕೂಲಕ್ಕೆಂದು ಅದನ್ನು ಮಾರಾಟಕ್ಕಿಟ್ಟಿತು. ನಡುವಿನ ಕಾಗದದ ಮೇಲೆ ಮೇಷ್ಟ್ರ ಹೆಸರಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ “ಪಕ್ಕವಾದ್ಯ” ಎಂದಿತ್ತು.

ಶಿವಮೊಗ್ಗದ ಒಂದು ಕಾಫಿ ಹೋಟೆಲಿನಲ್ಲಿ ಗ್ರಾಮಫೋನ್ ಇತ್ತು. ಮೇಷ್ಟ್ರ ಮನೆಯಲ್ಲಿ ಇರಲಿಲ್ಲವಾದ್ದರಿಂದ ಅಲ್ಲಿಗೇ ಕರೆದುಕೊಂಡು ಹೋದೆ. ಅಷ್ಟರಲ್ಲಿ ಅವರ ಬೆರಳುಗಳು ಲೋಟವನ್ನೂ ನೆಟ್ಟಗೆ ಹಿಡಿಯದಂತಾಗಿದ್ದವು. ಹೊಸ ಅಂಗಿ ತೊಟ್ಟು, ಯಂತ್ರಕ್ಕೆ ಎದುರಾಗಿ, ಮುಂದಿನ ಬೆಂಚಿನಲ್ಲೇ ಕೂತರು. ಮುಳ್ಳು ಇಳಿಯಿತು. ಆರಂಭದ ಮಟ್ಟು ಮೊಳಗಿತು. ಅವರ ಮುಖ ಒಂದು ಕ್ಷಣ ಅರಳಿತು.

ಪಲ್ಲವಿಯ ಜಾಗ ಬಂದಿತು. ಪ್ಲೇಟು ತಗ್ಗಿತು. ಹಿಂದಿನ ಬೆಂಚಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಅಡಕೆ ದಲ್ಲಾಳಿಯೊಬ್ಬ, ಬಾಯಲ್ಲಿದ್ದುದನ್ನು ನುಂಗಿ, ಆ ಹಾಡನ್ನು ಗಟ್ಟಿಯಾಗಿ ಎತ್ತಿಕೊಂಡ. ಶ್ರುತಿ ಎಲ್ಲೋ, ಅವನೆಲ್ಲೋ. ಹೋಟೆಲಿಗೆ ಹೋಟೆಲೇ ಭಲೆ ಎಂದಿತು. ಅವನನ್ನು ಸುಮ್ಮನಿರಿಸಲು ನಾನು ಏಳುತ್ತಿದ್ದೆ. ಮೇಷ್ಟ್ರು ನನ್ನ ತೋಳು ಹಿಡಿದು ಕೂರಿಸಿದರು.

“ಹಾಡ್ತಿದಾನೆ, ಸುಮ್ನಿರು.”

ಅವರ ಇನ್ನೊಂದು ಕೈ, ಮಡಚದ ಬೆರಳುಗಳೊಂದಿಗೆ, ಒದ್ದೆ ಮೇಜಿನ ಮೇಲೆ ಆ ದಲ್ಲಾಳಿಯ ಹಿಂದೆ ಹಿಂದೆ ಹೋಗುತ್ತಿತ್ತು.